ಪಿ.ಡಿ. ಸರ್ ಆಗೋದಾ, ಅಮೆರಿಕದಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಆಗೋದಾ?

ಎರಡೂ ಹುದ್ದೆಯ ಹೆಸರಲ್ಲಿ ‘ಡೈರೆಕ್ಟರ್’ ಇದೆ, ಅಷ್ಟೇ. ಕೆಲಸ ಮಾತ್ರ ಬೇರೆ ಬೇರೆ.

ನಮ್ಮ ಕಾಲೇಜಿನ ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಮೈದಾನದವರು. ಬೆಳಿಗ್ಗೆ ಸುಣ್ಣದ ಗೆರೆ ಹಾಕಿಸಬೇಕು, ವಾಲಿಬಾಲ್ ನೆಟ್ ಕಟ್ಟಿಸಬೇಕು, ಕಬಡ್ಡಿ ತಂಡವನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಬೇಕು. ಸ್ಟೋರ್ ರೂಮಿನ ಕೀಲಿಯೂ ಅವರ ಜೇಬಲ್ಲೇ. ಯುಜಿಸಿಯ 2018ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ಸಾಮಾನ್ಯವಾಗಿ ನೆಟ್ ಅಥವಾ ಸ್ಲೆಟ್ ಅರ್ಹತಾ ಪರೀಕ್ಷೆ ಕೂಡ ಪಾಸಾಗಿರಬೇಕು. ಅದರ ಮೇಲೆ ಓಟದ ಪರೀಕ್ಷೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್. ಕೂತು ಓದಿ ಹೊಟ್ಟೆ ಬಂದವರಿಗೆ ನೆಟ್‌ಗಿಂತ ಇದೇ ಕಷ್ಟ!

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಕೆಲಸ ಕಂಪನಿ ನಡೆಸಿದ ಹಾಗೆ. ಕೋಚ್‌ಗಳನ್ನು ನೇಮಿಸೋದು, ತಂಡ ಸೋಲುತ್ತಲೇ ಇದ್ದರೆ ತೆಗೆಯೋದು, ದಾನಿಗಳಿಂದ ಹಣ ತರೋದು. 1972ರ ಟೈಟಲ್ ನೈನ್ ಕಾನೂನಿನಂತೆ ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕು. 2025ರ ಕೋರ್ಟ್ ಒಪ್ಪಂದದ ನಂತರ ಆಟಗಾರರಿಗೂ ವಿಶ್ವವಿದ್ಯಾಲಯವೇ ನೇರವಾಗಿ ದುಡ್ಡು ಕೊಡಬಹುದು. ಒಂದು ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದ ಮಿತಿಯೇ ಸುಮಾರು 2.05 ಕೋಟಿ ಡಾಲರ್! ಯಾವ ಆಟಕ್ಕೆ ಎಷ್ಟು ಅನ್ನೋ ಜಗಳ ಬಂದು ಕೂರೋದು ಡೈರೆಕ್ಟರ್ ಮೇಜಿನ ಮೇಲೇ.

ಅಲ್ಲಿನ ಕಾಲೇಜು ಕ್ರೀಡೆಯ ಮೂರನೇ ದರ್ಜೆಯಾದ ಡಿವಿಷನ್ 3 ಕಾಲೇಜುಗಳ ಕಥೆ ಬೇರೆ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಡೈರೆಕ್ಟರೇ ಕೋಚ್ ಆಗಿರೋದೂ ಉಂಟು, ನಮ್ಮ ಪಿ.ಡಿ. ಸರ್ ಥರವೇ ಅಲ್ವಾ?

ಸೀಟಿ ಊದೋದು ಇಷ್ಟವಾದರೆ ಸುಮ್ನೆ ಎಂಪಿಇಡಿ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಮಾಡಿ. ದುಡ್ಡಿನ ಲೆಕ್ಕ, ಮಾತುಕತೆ ಇಷ್ಟವಾದರೆ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ನೋಡಿ. ಆದರೆ ಫೀಸು ಕಟ್ಟುವ ಮೊದಲು ವೀಸಾ ವಿಚಾರಿಸಿ.