ಫೌಂಟನ್ ಹತ್ತಿರದ ಹಳೇ ಪುಸ್ತಕದಂಗಡಿ

ಮುಂಬೈ ಫೌಂಟನ್ ಫುಟ್‌ಪಾತಿನಲ್ಲಿ ನಮೀಬಿಯಾ ಚರಿತ್ರೆಯ ಹಳೇ ಪುಸ್ತಕ ಸಿಕ್ಕಿತು, 150 ರೂಪಾಯಿ. ಅಂಗಡಿಯವರು ಕಾರವಾರದ ಕಡೆಯವರು, ನನ್ನ ಕನ್ನಡ ಕೇಳಿದ್ದೇ 'ಕೂತು ನೋಡಿ ಅಕ್ಕಾ' ಅಂತ ಸ್ಟೂಲ್ ಕೊಟ್ಟರು. ಭೂಪಟದ ಪುಟದಲ್ಲಿ ಹುಳ ಕೊರೆದ ತೂತು, ಓದೋಕೆ ತೊಂದರೆಯಿಲ್ಲ.

ನಮೀಬಿಯಾ ಆಗ ಜರ್ಮನಿಯ ವಸಾಹತು. ಜರ್ಮನ್ ಸೇನಾಪತಿ ಲೋಥಾರ್ ಫಾನ್ ಟ್ರೋಥಾ 1904ರ ಆಗಸ್ಟಿನಲ್ಲಿ ವಾಟರ್‌ಬರ್ಗ್ ಬಳಿ ಅಲ್ಲಿನ ಹೆರೆರೊ ಬುಡಕಟ್ಟಿನ ಜನರನ್ನು ಸೋಲಿಸಿ, ಒಮಾಹೆಕೆ ಮರಳುಗಾಡಿಗೆ ಅಟ್ಟಿ, ನೀರಿನ ಬಾವಿಗಳಿಗೆ ಕಾವಲು ಹಾಕಿಸಿದ. ಅಕ್ಟೋಬರ್ 2ರಂದು ಆಜ್ಞೆ ಹೊರಡಿಸಿದ: ಕೈಯಲ್ಲಿ ಕೋವಿ ಇರಲಿ ಬಿಡಲಿ, ಕಂಡ ಹೆರೆರೊಗೆ ಗುಂಡು. ಬಾಯಾರಿ ಸತ್ತವರ ಪುಟ ದಾಟಲು ನನಗೆ ಎರಡು ದಿನ ಬೇಕಾಯಿತು. ಜರ್ಮನಿ ಇದನ್ನು ನರಮೇಧ ಅಂತ ಒಪ್ಪಿದ್ದು 2021ರಲ್ಲಿ, ಎಷ್ಟು ತಡ ಅಲ್ವಾ?

ಆಫ್ರಿಕಾದ ಪುಸ್ತಕಗಳು ಕೆಳಗಿನ ಸಾಲಿನಲ್ಲಿವೆ, ಕೇಳಿ ತೆಗೆಸಿಕೊಳ್ಳಿ.