ಮೊಂಡು ಬೋಲ್ಟ್‌ಗಳು: ಎಣ್ಣೆ, ಬಿಸಿ, ಎಕ್ಸ್‌ಟ್ರಾಕ್ಟರ್, ವೆಲ್ಡಿಂಗ್

ಹಳೇ ಬೈಕಿನ ಎಂಜಿನ್ ಬಿಚ್ಚಲು ಕೂತಾಗ 6 ಬೋಲ್ಟ್‌ಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸರಿ, ಒಂದೊಂದರ ಮೇಲೆ ಒಂದೊಂದು ವಿದ್ಯೆ ತೋರಿಸಿದೆ.

ಮೊದಲು ತುಕ್ಕು ಬಿಡಿಸುವ ಎಣ್ಣೆ. ಎರಡು ಬೋಲ್ಟ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟೆ. ಒಂದು ಬಂತು, ಇನ್ನೊಂದು ಬರಲಿಲ್ಲ. ಬಂದಿದ್ದು ನಾನು ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ತಟ್ಟಿದ್ದ ಬೋಲ್ಟ್. ತಟ್ಟಿದರೆ ತುಕ್ಕು ಬಿರಿಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಎಣ್ಣೆ ಸಿಂಪಡಿಸಿದ ತಕ್ಷಣ ಪಾನಾ ಹಾಕಿದರೆ ಎಣ್ಣೆ ದಂಡ.

ಬರದೆ ಉಳಿದ ಆ ಒಂದಕ್ಕೆ ಬಿಸಿ. ಇಲ್ಲಿ ಜನ ಬೋಲ್ಟ್‌ಗೇ ಬೆಂಕಿ ಹಿಡಿಯುತ್ತಾರೆ. ನನ್ನ ಎಂಜಿನ್ ಕೇಸ್ ಅಲ್ಯುಮಿನಿಯಂ. ಬಿಸಿಯಾದಾಗ ಅದು ಬೋಲ್ಟಿನ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಬೋಲ್ಟ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಬೋಲ್ಟ್ ಬಿಟ್ಟು ಅದರ ಸುತ್ತಲಿನ ಲೋಹಕ್ಕೆ ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದೆ. 5 ನಿಮಿಷ ಆದಮೇಲೆ ಟಕ್ ಅಂತ ಬಿಟ್ಟಿತು. ಎಣ್ಣೆಗಿಂತ ಇದೇ ಮೇಲು, ಅನುಮಾನವೇ ಇಲ್ಲ. ಆದರೆ ಮೊದಲು ಎಣ್ಣೆ ಒರೆಸಿ, ಪೆಟ್ರೋಲ್ ಟ್ಯಾಂಕ್ ದೂರ ಇಡಿ. ಹತ್ತಿರ ರಬ್ಬರ್ ಸೀಲ್ ಇದ್ದರೆ ಸುಟ್ಟುಹೋಗುತ್ತದೆ.

ಮೂರನೆಯದರ ತಲೆ ಸವೆದು ದುಂಡಗಾಗಿತ್ತು. ತಪ್ಪು ನನ್ನದೇ, 12 ಮೂಲೆಯ ಸಾಕೆಟ್ ಹಾಕಿ ಜಗ್ಗಿದ್ದೆ. ಮೊದಲೇ 6 ಮೂಲೆಯದು ಹಾಕಿದ್ದರೆ ಈ ಪಾಡು ಬರುತ್ತಿರಲಿಲ್ಲವೇನೋ. ಕಚ್ಚಿ ಹಿಡಿಯುವ ಇಕ್ಕಳ, ಅಂದರೆ ವೈಸ್ ಗ್ರಿಪ್, ಜಾರಿ ನನ್ನ ಬೆರಳ ಗೆಣ್ಣಿನ ಚರ್ಮ ಕಿತ್ತಿತು, ಬೋಲ್ಟ್ ಮಾತ್ರ ಹಾಗೇ ಕೂತಿತ್ತು. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಅನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ತಿರುಗಿಸಿದಷ್ಟೂ ಹಲ್ಲು ಕಚ್ಚಿಕೊಂಡಿತು, ಬೋಲ್ಟ್ ಈಚೆ ಬಂತು. ನಾಲ್ಕನೆಯದೂ ಅದರಲ್ಲೇ ಬಂತು.

ಕೊನೆಯ ಎರಡು ಮುರಿದೇ ಹೋದವು. ಅಲ್ಲಿಂದ ಶುರು ನಿಜವಾದ ಗೋಳು. ಒಂದಕ್ಕೆ ನಡುವೆ ತೂತು ಕೊರೆದು, ಉಲ್ಟಾ ಸುರುಳಿಯ ಸ್ಕ್ರೂ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸಿದೆ. ಅದೂ ಒಳಗೇ ಮುರಿಯಿತು! ಅದು ಗಟ್ಟಿ ಮಾಡಿದ ಉಕ್ಕು, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತದೆ. ಸಣ್ಣ ಬೋಲ್ಟ್‌ಗೆ ಇದನ್ನು ನಾನಂತೂ ಇನ್ನು ಮುಟ್ಟುವುದಿಲ್ಲ. ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಬೇಕಿತ್ತು. ಅದೃಷ್ಟ ಇದ್ದರೆ ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬರುತ್ತದೆ, ಬರದಿದ್ದರೂ ತೂತು ಹೇಗೂ ಬೇಕೇ ಅಲ್ವಾ.

ಇನ್ನೊಂದರ ತುಂಡು ಮೇಲಕ್ಕೆ ಸ್ವಲ್ಪ ಚಾಚಿತ್ತು. ಅದರ ಮೇಲೆ ನಟ್ ಇಟ್ಟು, ನಟ್‌ನ ತೂತಿನ ಒಳಗಿನಿಂದ ಎರಡನ್ನೂ ಸೇರಿಸಿ ವೆಲ್ಡ್ ಮಾಡಿದೆ. ಹಿಡಿಯಲು ತಲೆಯೂ ಸಿಕ್ಕಿತು, ವೆಲ್ಡಿಂಗ್ ಬಿಸಿ ನೇರ ಬೋಲ್ಟ್ ಒಳಗೂ ಇಳಿಯಿತು. ಕೆಂಪು ಆರಿದ ಮೇಲೆ ಪಾನಾ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಕಿರ್ರ್ ಅಂತ ಸದ್ದು ಮಾಡುತ್ತಾ ಈಚೆ ಬಂತು. ಎಕ್ಸ್‌ಟ್ರಾಕ್ಟರ್ ನುಂಗಿದ ಆ ಬೋಲ್ಟ್ ಮಾತ್ರ ಇನ್ನೂ ಎಂಜಿನ್ ಒಳಗೇ ಇದೆ.