ಎ.ಪಿ.ಟಿ.ಡಿ. ಪ್ರಮಾಣಪತ್ರ: ಎರಕದ ಕಾರ್ಖಾನೆಯ ತರಬೇತುದಾರಳೊಬ್ಬಳ ವಿಮರ್ಶೆ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಎರಕದ ಕಾರ್ಖಾನೆಯೊಂದರಲ್ಲಿ ನಾನು ಆರು ವರ್ಷಗಳಿಂದ ತರಬೇತಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಹೊಸಬರಿಗೆ ಅಚ್ಚು ಕಟ್ಟುವ ಕ್ರಮ, ಫರ್ನೇಸಿನ ಬಳಿಯ ಸುರಕ್ಷತೆ, ಅಪ್ರೆಂಟಿಸರ ದಾಖಲೆ, ಇವೆಲ್ಲ ನನ್ನ ಪಾಲಿನ ಕೆಲಸ. ಕಲಿಸುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಹಿರಿಯರು ಮಾಡಿದಂತೆ ನಾನೂ ಮಾಡುತ್ತಿದ್ದೆ. ಆ ಕೊರತೆಯನ್ನು ತುಂಬಿಕೊಳ್ಳಬೇಕೆಂದು ಕಳೆದ ವರ್ಷ ತರಬೇತುದಾರರಿಗೆಂದೇ ಇರುವ ಎ.ಪಿ.ಟಿ.ಡಿ. (ಅಸೋಸಿಯೇಟ್ ಪ್ರೊಫೆಷನಲ್ ಇನ್ ಟ್ಯಾಲೆಂಟ್ ಡೆವಲಪ್‌ಮೆಂಟ್) ಎಂಬ ವೃತ್ತಿ ಪ್ರಮಾಣಪತ್ರಕ್ಕೆ ಓದಿ ತೇರ್ಗಡೆಯಾದೆ. ನಮ್ಮ ಜಿಲ್ಲೆಯ ಕಾರ್ಖಾನೆಗಳಲ್ಲಿ ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ಪ್ರಮಾಣಪತ್ರವನ್ನು ಕೊಡುವುದು ಅಮೆರಿಕದ ಅಸೋಸಿಯೇಷನ್ ಫಾರ್ ಟ್ಯಾಲೆಂಟ್ ಡೆವಲಪ್‌ಮೆಂಟ್. 1940ರ ದಶಕದಲ್ಲಿ ಆರಂಭವಾದ ಈ ಸಂಘವನ್ನು 2014ರವರೆಗೆ ಎ.ಎಸ್.ಟಿ.ಡಿ. ಎಂದು ಕರೆಯುತ್ತಿದ್ದರು. ಎ.ಪಿ.ಟಿ.ಡಿ.ಗೆ ಅರ್ಜಿ ಹಾಕಲು ತರಬೇತಿ ಕ್ಷೇತ್ರದಲ್ಲಿ 3 ವರ್ಷಗಳ ಅನುಭವದ ಜೊತೆಗೆ 28 ಗಂಟೆಗಳ ವೃತ್ತಿಪರ ಕಲಿಕೆಯ ದಾಖಲೆಯೂ ಬೇಕು. ಅದಕ್ಕಿಂತ ಮೇಲಿನ ಸಿ.ಪಿ.ಟಿ.ಡಿ.ಗೆ 5 ವರ್ಷ ಮತ್ತು 60 ಗಂಟೆ. ಎರಡಕ್ಕೂ ತಳಹದಿಯಾಗಿರುವ ಸಾಮರ್ಥ್ಯ ಮಾದರಿಯಲ್ಲಿ, ಅಂದರೆ ತರಬೇತುದಾರರಿಗೆ ಇರಬೇಕಾದ ಸಾಮರ್ಥ್ಯಗಳ ಪಟ್ಟಿಯಲ್ಲಿ, ವೈಯಕ್ತಿಕ, ವೃತ್ತಿಪರ, ಸಾಂಸ್ಥಿಕ ಎಂಬ ಮೂರು ವಿಭಾಗಗಳಡಿ 23 ಸಾಮರ್ಥ್ಯಗಳಿವೆ.

ಓದಿನಲ್ಲಿ ನನಗೆ ದಕ್ಕಿದ ನಿಜವಾದ ಲಾಭ ಒಂದೇ ವಿಷಯದಿಂದ ಬಂತು: ತರಬೇತಿ ಕೊಡುವ ಮೊದಲು, ಅಲ್ಲಿ ಬೇಕಾಗಿರುವುದು ತರಬೇತಿಯೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು. ಕೆಲಸ ಕೆಟ್ಟಾಗ ಕಾರಣ ಕಾರ್ಮಿಕನಿಗೆ ತಿಳಿಯದಿರುವುದೇ ಆಗಿರಬೇಕೆಂದಿಲ್ಲ. ಸಾಮಗ್ರಿ, ಸಲಕರಣೆ, ಸೂಚನೆ, ಮೇಲ್ವಿಚಾರಣೆ ಇವುಗಳಲ್ಲಿ ಯಾವುದರಲ್ಲಿಯೂ ದೋಷವಿರಬಹುದು. ಓದಿದಾಗ ಇದು ಸರಳವಾಗಿ ಕಂಡಿತು. ಆದರೆ ಅದೇ ವರ್ಷದ ಜುಲೈ ತಿಂಗಳಲ್ಲಿ, ಮಳೆ ಹಿಡಿದುಕೊಂಡು ಹದಿನೈದು ದಿನ ಬಿಡದಿದ್ದಾಗ, ನಮ್ಮ ಎರಕದ ತುಂಡುಗಳಲ್ಲಿ ಗಾಳಿಗುಳ್ಳೆಯ ತೂತುಗಳು ಹೆಚ್ಚಿ ಮೌಲ್ಡಿಂಗ್ ವಿಭಾಗದ ಎಲ್ಲರಿಗೂ ಮತ್ತೊಮ್ಮೆ ತರಬೇತಿ ಕೊಡಬೇಕೆಂಬ ಸೂಚನೆ ಬಂತು. ಹಿಂದಿನ ವರ್ಷಗಳಲ್ಲಾಗಿದ್ದರೆ ನಾನು ಮರುದಿನವೇ ಪ್ರೊಜೆಕ್ಟರ್ ಜೋಡಿಸುತ್ತಿದ್ದೆ. ಈ ಬಾರಿ ಎರಡು ಪಾಳಿ ಅಲ್ಲೇ ನಿಂತು ನೋಡಿದೆ. ಮೂವತ್ತು ವರ್ಷ ಅಚ್ಚು ಕಟ್ಟಿದ ಹಿರಿಯರೊಬ್ಬರು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಮುರಿದು ತೋರಿಸಿ, "ಕೈಯಲ್ಲಿ ತಪ್ಪಿಲ್ಲ ಮೇಡಂ, ಮರಳಲ್ಲೇ ನೀರು ಜಾಸ್ತಿ ಇದೆ, ನೀವೇ ನೋಡಿ" ಎಂದರು. ಅಚ್ಚಿನ ಮರಳಿನಲ್ಲಿ ತೇವ ಮಿತಿ ಮೀರಿದರೆ, ಕರಗಿದ ಕಬ್ಬಿಣ ತಾಗಿದೊಡನೆ ಅದು ಆವಿಯಾಗಿ, ಹೊರಹೋಗಲು ದಾರಿಯಿಲ್ಲದೆ ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನ ರಾಶಿಗೆ ಹೊದಿಸಿದ್ದ ತಾಡಪಾಲು ಒಂದು ಮೂಲೆಯಲ್ಲಿ ಹರಿದಿತ್ತು. ಮಿಶ್ರಣ ಯಂತ್ರಕ್ಕೆ ಹಾಕುವ ನೀರಿನ ಅಳತೆ ಮಾತ್ರ ಬೇಸಿಗೆಯದೇ ಆಗಿತ್ತು. ತರಬೇತಿಯ ಬದಲು ಮರಳಿಗೆ ಮಾಡು ಹಾಕಿಸಿ, ಪ್ರತಿ ಪಾಳಿಯ ಆರಂಭದಲ್ಲಿ ತೇವ ಅಳೆಯುವ ಕ್ರಮ ತರಬೇಕೆಂದು ವರದಿ ಬರೆದೆ, ಅದು ಜಾರಿಯೂ ಆಯಿತು. ಆ ಹಿರಿಯರನ್ನು ಮೊದಲೇ ಕೇಳಿದ್ದರೆ ಪ್ರಮಾಣಪತ್ರವಿಲ್ಲದೆಯೂ ಇದು ತಿಳಿಯುತ್ತಿತ್ತು, ಒಪ್ಪುತ್ತೇನೆ. ಆದರೆ ಕೇಳಬೇಕೆಂಬ ಶಿಸ್ತನ್ನು ನನಗೆ ಕೊಟ್ಟದ್ದು ಈ ಓದು.

ಕೊಟ್ಟ ತರಬೇತಿಯಿಂದ ಫಲವಾಯಿತೇ ಎಂದು ಅಳೆಯುವ ಮೌಲ್ಯಮಾಪನದ ಭಾಗವೂ ಚೆನ್ನಾಗಿದೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಇದೇ ಸಂಘದ ಪತ್ರಿಕೆಯಲ್ಲಿ ಬರೆಯಲಾರಂಭಿಸಿದ ನಾಲ್ಕು ಹಂತಗಳು, ಅಂದರೆ ಪ್ರತಿಕ್ರಿಯೆ, ಕಲಿಕೆ, ವರ್ತನೆ ಮತ್ತು ಫಲಿತಾಂಶ, ಇಂದಿಗೂ ಈ ಕ್ಷೇತ್ರದ ಮೂಲ ಅಳತೆಗೋಲು. ತರಗತಿ ಮುಗಿದ ಮೇಲೆ "ಚೆನ್ನಾಗಿತ್ತು" ಎಂದು ಬರೆಸಿಕೊಂಡ ಹಾಳೆಗಳನ್ನೇ ವರ್ಷಗಟ್ಟಲೆ ಕಡತಕ್ಕೆ ಸೇರಿಸುತ್ತಿದ್ದ ನಮ್ಮಂಥವರಿಗೆ, ಅದು ಮೊದಲ ಹಂತ ಮಾತ್ರ ಎಂಬ ಅರಿವು ಅಗತ್ಯವಾಗಿತ್ತು.

ಪರೀಕ್ಷೆಯಲ್ಲಿ ಕೇಳುವುದು ಬಹು ಆಯ್ಕೆಯ ಪ್ರಶ್ನೆಗಳು. ಸನ್ನಿವೇಶವನ್ನು ಕೊಟ್ಟು, ಮೊದಲು ಏನು ಮಾಡುವಿರಿ ಎಂದು ಕೇಳುತ್ತಾರೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಶುಲ್ಕ ಡಾಲರಿನಲ್ಲಿರುವುದರಿಂದ ನಮ್ಮ ಕಡೆಯ ಸಂಬಳಕ್ಕೆ ಅದು ದೊಡ್ಡ ಮೊತ್ತ, ಕಂಪನಿ ಭರಿಸದಿದ್ದರೆ ನಾನು ಹೋಗುತ್ತಿರಲಿಲ್ಲ. ಸಿದ್ಧತೆಗೆಂದು ನಾನು ಸೇರಿದ್ದ ಬೆಂಗಳೂರಿನ ಆನ್‌ಲೈನ್ ತರಗತಿಯೊಂದನ್ನು ಮಾತ್ರ ಯಾರಿಗೂ ಶಿಫಾರಸು ಮಾಡಲಾರೆ: ಅಲ್ಲಿ ಹೇಳಿದ ಉದಾಹರಣೆಗಳೆಲ್ಲ ಸಾಫ್ಟ್‌ವೇರ್ ಕಚೇರಿಗಳವು, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಪರೀಕ್ಷೆಗೆ ಕೂರುವ ಧೈರ್ಯವಾಗದೆ ನಾನು ಬೆಂಗಳೂರಿನ ಕೇಂದ್ರದಲ್ಲೇ ಬರೆದೆ. ಮಲೆನಾಡಿನವರು ಇದನ್ನು ಗಮನದಲ್ಲಿಟ್ಟುಕೊಂಡು ದಿನಾಂಕ ಆರಿಸಿಕೊಳ್ಳುವುದು ಒಳ್ಳೆಯದು.

ಎಲ್ಲರಿಗೂ ಇದೇ ಸರಿಯೆಂದು ಹೇಳಲಾರೆ. ಐ.ಟಿ.ಐ.ಗಳಲ್ಲಿ ಬೋಧಕರಾಗಬಯಸುವವರಿಗೆ ಕೇಂದ್ರ ಸರ್ಕಾರದ ಒಂದು ವರ್ಷದ ಕ್ರಾಫ್ಟ್ ಇನ್‌ಸ್ಟ್ರಕ್ಟರ್ ತರಬೇತಿಯೇ ನೇರವಾದ ದಾರಿ. ಭಾರತದ ಸನ್ನಿವೇಶದಲ್ಲಿ, ದೂರಶಿಕ್ಷಣದ ಮೂಲಕ ಓದಬೇಕೆನ್ನುವವರಿಗೆ 1970ರಲ್ಲಿ ಸ್ಥಾಪನೆಯಾದ ದೆಹಲಿಯ ಇಂಡಿಯನ್ ಸೊಸೈಟಿ ಫಾರ್ ಟ್ರೈನಿಂಗ್ ಅಂಡ್ ಡೆವಲಪ್‌ಮೆಂಟ್‌ನ ಡಿಪ್ಲೊಮಾ ಇದೆ. ಖಾಸಗಿ ಕಾರ್ಖಾನೆಯಲ್ಲಿದ್ದು, ಇಂಗ್ಲಿಷ್ ಓದಿಗೆ ಅಂಜದೆ, ಮೂರ್ನಾಲ್ಕು ವರ್ಷ ಕಲಿಸಿ ಅನುಭವವಿರುವವರಿಗೆ ಎ.ಪಿ.ಟಿ.ಡಿ. ಸಲ್ಲುತ್ತದೆ.

ಪ್ರಮಾಣಪತ್ರದ ಅವಧಿ 3 ವರ್ಷ. ನವೀಕರಣಕ್ಕೆ ಅಷ್ಟರಲ್ಲಿ 40 ಅಂಕಗಳಷ್ಟು ಕಲಿಕೆಯನ್ನೋ ವೃತ್ತಿ ಚಟುವಟಿಕೆಯನ್ನೋ ತೋರಿಸಬೇಕು. ಓದುವಾಗ ನನಗಾಗಿ ಬರೆದುಕೊಂಡಿದ್ದ ಕನ್ನಡ ಪದಪಟ್ಟಿಯನ್ನು ಈಗ ತಿದ್ದುತ್ತಿದ್ದೇನೆ. ನಮ್ಮ ಇಬ್ಬರು ಸೂಪರ್‌ವೈಸರ್‌ಗಳು ಅದನ್ನಿಟ್ಟುಕೊಂಡು, ತರಬೇತಿ ಬೇಕೆಂದು ಕೇಳುವ ಮೊದಲು ತುಂಬಬೇಕಾದ ಹಾಳೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದಾರೆ, ಅದರಲ್ಲಿ ಸಾಮಗ್ರಿಯ ಸ್ಥಿತಿಯ ಪ್ರಶ್ನೆ ಕಾರ್ಮಿಕನ ಹೆಸರಿಗಿಂತ ಮೇಲಿದೆ.